ಮಹಡಿ ಮೇಲಿನ ವಿಮರ್ಶಕರು

ನ್ಯೂಯಾರ್ಕಿನ ಹತ್ತಿರದ ಹ್ಯಾರಿಸನ್‌ನಲ್ಲಿ ನಾವು ಬಾಡಿಗೆಗಿದ್ದ ಮರದ ಮನೆಯಲ್ಲಿ ಕೆಳಗೆ ನಾವು, ಮೇಲೆ ಮಾಲೀಕರು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಮಾಲೀಕರು ಒಂಟಿ ಬಿಳಿಯ ಮನುಷ್ಯ, ನ್ಯೂಯಾರ್ಕಿನ ಒಂದು ವಾರಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಅದು ಹೊಟ್ಟೆಪಾಡು. ಜೀವ ಇದ್ದದ್ದು ಬ್ಲೂಸ್ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದ ಪುಸ್ತಕದಲ್ಲಿ. ಬ್ಲೂಸ್ ಎಂದರೆ ಆ ದೇಶದ ದಕ್ಷಿಣದ ಹತ್ತಿ ಹೊಲಗಳ ಕಡೆಯಿಂದ ಬಂದ ಕರಿಯರ ಹಾಡು. ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ನಮ್ಮ ಒಗ್ಗರಣೆ ವಾಸನೆ ಮೇಲಕ್ಕೆ ಹೋಗುತ್ತಿತ್ತು, ಅವರ ಗ್ರಾಮಫೋನಿನ ಹಾಡು ಕೆಳಕ್ಕೆ ಬರುತ್ತಿತ್ತು.

"ಇದೂ ಒಂದು ಸಂಗೀತಾನೇನೇ? ಯಾರೋ ಪಾತ್ರೆ ತೊಳೀತಾ ಗೊಣಗಿದ ಹಾಗಿದೆ," ಎನ್ನುತ್ತಿದ್ದರು ನಮ್ಮವರು.

"ನೀವು ಸ್ನಾನದ ಮನೇಲಿ ಹಾಡೋದಕ್ಕಿಂತ ವಾಸಿ ಕಣ್ರೀ."

ಮದುವೆಗೆ ಮುಂಚೆ ಮೈಸೂರಿನಲ್ಲಿ ನಾನು ಟೈಪಿಂಗ್ ಹೈಯರ್ ಪಾಸು ಮಾಡಿದ್ದೆ. ಅದು ತಿಳಿದದ್ದೇ ತಡ, ಮಾಲೀಕರು ಕೈಬರಹದ ಹಾಳೆಗಳ ಕಟ್ಟನ್ನೂ ತಮ್ಮ ಟೈಪ್‌ರೈಟರನ್ನೂ ಒಂದು ಟೇಪ್ ರೆಕಾರ್ಡರನ್ನೂ ತಂದು ನನ್ನ ಊಟದ ಮೇಜಿನ ಮೇಲಿಟ್ಟರು. ನಮ್ಮ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ನನ್ನನ್ನು "ಮಿಸೆಸ್ ಡೌನ್‌ಸ್ಟೇರ್ಸ್" ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ನಮ್ಮವರು ಕೆಲಸಕ್ಕೆ ಹೊರಟ ಮೇಲೆ, ಬೇಳೆ ಬೇಯಲಿಟ್ಟು ನಾನು ಟೈಪಿಗೆ ಕೂರುತ್ತಿದ್ದೆ.

ಮಾಲೀಕರದೊಂದು ಕಟ್ಟುನಿಟ್ಟು ಇತ್ತು. ಯಾರ ಬಗ್ಗೆ ವಿಮರ್ಶೆ ಬರೆಯಬೇಕೋ ಅವರ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯರು. ಆದರೆ ಪುಸ್ತಕಕ್ಕೆ ಆ ಮಡಿ ನಡೆಯುತ್ತಿರಲಿಲ್ಲ. ಹಳೆಯ ಹಾಡುಗಾರರು ಬಾಯಿ ಬಿಡುವುದು ಊಟದ ಹೊತ್ತಿಗೇ.

ಪುಸ್ತಕದ ದೊಡ್ಡ ಅಧ್ಯಾಯ ನಮ್ಮೂರಿನ ಸೇತುವೆಯಾಚೆಯ ನೂಆರ್ಕ್ ಎಂಬ ಊರಿನ ಒಬ್ಬ ಮುದುಕಿಯದು. ಹರೆಯದಲ್ಲಿ ಕೆಲವು ರೆಕಾರ್ಡು ಕೊಟ್ಟು, ಆಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತ ಉಳಿದುಹೋದ, ಎಲ್ಲರೂ ಮರೆತ ಹೆಂಗಸು. ಮಾಲೀಕರೇ ಹುಡುಕಿ ತೆಗೆದದ್ದು. ಗುರುವಾರ ಗುರುವಾರ ಆಕೆಯ ಅಡುಗೆಮನೆಯಲ್ಲಿ ಕೂತು, ಮೀನು ತಿಂದು, ಕಥೆ ಕೇಳಿ ಟೇಪ್ ಮಾಡಿಕೊಂಡು ಬರುತ್ತಿದ್ದರು. ಆಕೆಯ ಮಾತಿನ ಧಾಟಿ ನನಗೆ ಅರ್ಥವಾಗದೆ ಹೋದಾಗ ಕೇಳಿ ತಿದ್ದಿಕೊಳ್ಳಲು ನಾನೂ ಹೋಗುತ್ತಿದ್ದೆ. ನನಗೆ ಮೀನು ಆಗದು ಎಂದು ಆಕೆ ಕಾಫಿ ಕೊಡುತ್ತಿದ್ದಳು. ಒಲೆಯ ಮುಂದೆ ನಿಂತು ಎರಡು ಸಾಲು ಹಾಡಿದರೆ ಸಾಕು, ಆ ಸಣ್ಣ ಕೋಣೆ ತುಂಬಿಹೋಗುತ್ತಿತ್ತು.

ಆಕೆಯ ಬಗ್ಗೆ ಇವರ ಬರಹಗಳನ್ನು ಓದಿಯೇ ಯಾರೋ ಆಕೆಯ ಕಛೇರಿಯನ್ನು ನ್ಯೂಯಾರ್ಕಿನ ಒಂದು ಹಾಲ್‌ನಲ್ಲಿ ಏರ್ಪಡಿಸಿದರು. ಪತ್ರಿಕೆಯವರು ವಿಮರ್ಶೆಯನ್ನು ಇವರಿಗೇ ಒಪ್ಪಿಸಿದರು. ಬೇರೆಯವರನ್ನು ಕಳಿಸಿ ಎಂದರೆ ಸಂಪಾದಕರು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮಾಲೀಕರೂ ನಾನೂ ಹೋಗಿದ್ದೆವು. ಅಡುಗೆಮನೆ ತುಂಬಿದ ದನಿ ಹಾಲ್‌ನಲ್ಲಿ ಮೂರನೆಯ ಸಾಲಿನ ಕುರ್ಚಿಗಳನ್ನು ದಾಟಲಿಲ್ಲ. ಹಾಡಿನ ನಡುವೆ ಮಾತು ಮರೆಯಿತು, ಪಿಯಾನೋದವನು ನುಡಿಸಿದ್ದನ್ನೇ ಮತ್ತೆ ಮತ್ತೆ ನುಡಿಸಿ ಅದನ್ನು ಮುಚ್ಚಿದ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಮಾಲೀಕರು ಕೊಟ್ಟ ವಿಮರ್ಶೆಯ ಹಾಳೆಯಲ್ಲಿ ಇದೆಲ್ಲ ಇದ್ದ ಹಾಗೇ ಇತ್ತು. ನಾನು ಟೈಪು ಮಾಡದೆ ಕೂತೆ.

"ನಮ್ಮೂರಲ್ಲಿ ವಯಸ್ಸಾದ ವಿದ್ವಾಂಸರು ಹಾಡಿದರೆ, ಶಾರೀರ ಹೋಗಿದೆ, ವಿದ್ವತ್ತು ನೋಡಿ ಅಂತಾರೆ," ಎಂದೆ.

"ಅಂತಾರೆ, ಸರಿ. ಶಾರೀರ ಹೋಗಿದೆ ಅನ್ನೋದನ್ನ ಪತ್ರಿಕೇಲಿ ಬರೀತಾರಾ?"

"ಇಲ್ಲ."

"ಮಿಸೆಸ್ ಡೌನ್‌ಸ್ಟೇರ್ಸ್, ಆಕೆ ಮ್ಯೂಸಿಯಂ ಸಾಮಾನಲ್ಲ, ಹಾಡುಗಾರ್ತಿ ಅಂತ ಇಷ್ಟು ವರ್ಷ ಬರೆದಿದೀನಿ. ಈಗ ಪಾಪ ಅಂತ ಬಿಟ್ಟರೆ, ನಾನೇ ಆಕೇನ ಗಾಜಿನ ಪೆಟ್ಟಿಗೇಲಿ ಇಟ್ಟ ಹಾಗೆ."

"ಆಕೆ ಬಾಗಿಲು ಹಾಕಿಕೊಂಡರೆ? ಪುಸ್ತಕ?"

ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. ಆಕೆ ನೂಆರ್ಕಿಗೆ ರೈಲು ಹತ್ತಿದ ತನಕದ ಕಥೆಯಷ್ಟೇ ಆಗ ಟೇಪಿನಲ್ಲಿತ್ತು. ಉಳಿದ ಬದುಕೆಲ್ಲ ಬಾಕಿ. ನಾನು ಟೈಪು ಮಾಡಿ ಕೊಟ್ಟೆ.

ಪತ್ರಿಕೆ ಬಂದ ಮೇಲೆ, ಗುರುವಾರ, ಎಂದಿನಂತೆ ಹೋದೆವು. ಬಾಗಿಲು ಒಳಗಿನ ಚೈನು ಬಿಡುವಷ್ಟೇ ತೆರೆಯಿತು.

"ಮಿಸ್ಟರ್ ಪೇಪರ್," ಎಂದಳು ಆಕೆ, "ನೀನು ಬರೆದದ್ದು ಸುಳ್ಳಲ್ಲ. ನನಗೂ ಕಿವಿ ಇದೆ. ಆದ್ರೆ ಆ ನಿಜ ಹೇಳೋಕೆ ಇಷ್ಟು ದೊಡ್ಡ ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ? ನನ್ನ ಮೀನು ತಿಂದವನೇ ಬೇಕಿತ್ತಾ?"

ಇವರು ಟೋಪಿ ಕೈಯಲ್ಲಿ ಹಿಡಿದು ನಿಂತರು.

"ನಿನ್ನ ಟೇಪ್ ಮೆಷಿನ್ ತಗೊಂಡು ಹೋಗು," ಎಂದು ನನ್ನ ಕಡೆ ತಿರುಗಿದಳು. "ಹನಿ, ನೀನು ಬಾ, ಕಾಫಿ ಆಗಿದೆ."

ಅವರು ಕಾರಿನಲ್ಲಿ ಕಾದರು. ನಾನು ಒಳಗೆ ಕೂತು ಕಾಫಿ ಕುಡಿದೆ. ನಾನೇನೂ ಕೇಳಲಿಲ್ಲ. ಆಕೆಯೇ ಬಟ್ಟೆ ಮಡಿಸುತ್ತ, ನೂಆರ್ಕಿಗೆ ಬಂದ ಮೇಲಿನದನ್ನೆಲ್ಲ ಹೇಳುತ್ತ ಹೋದಳು: ಮದುವೆ, ಹಾಡು ಬಿಟ್ಟದ್ದು, ಯಾಕೆ ಬಿಟ್ಟದ್ದು. ವಾರಗಟ್ಟಲೆ ಇವರು ಕಾದು ಕೂತಿದ್ದ ಕಥೆ ಅದು.

ಕಾರು ಹ್ಯಾರಿಸನ್ ಸೇತುವೆಗೆ ಬಂದಾಗ ನಾನು ಬಾಯಿ ತೆರೆದೆ. "ಆಕೆ ಎಲ್ಲಾ ಹೇಳಿದ್ರು. ಹಾಡು ಬಿಟ್ಟದ್ದು ಯಾಕೆ ಅಂದ್ರೆ..."

ಅವರು ಸ್ಟೀರಿಂಗಿನಿಂದ ಒಂದು ಕೈ ಎತ್ತಿದರು. "ಬೇಡ. ಅದು ನಿಮಗೆ ಹೇಳಿದ್ದು, ನನಗಲ್ಲ."

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಎಂಥಾ ಪೆದ್ದ ಮನುಷ್ಯ ಕಣೇ! ಕೈಗೆ ಬಂದದ್ದನ್ನ ಬಿಟ್ಟನಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, ಮಜ್ಜಿಗೆ ಕಲಸಿಕೊಳ್ಳುತ್ತ, "ನೀನೂ ಇನ್ನು ಯಾರ ಹತ್ರಾನೂ ಆಡಬೇಡ," ಎಂದರು.

ಆ ಬಾಗಿಲು ಮಾಲೀಕರಿಗೆ ಮತ್ತೆ ತೆರೆಯಲಿಲ್ಲ. ಮುಂದಿನ ಎರಡು ಚಳಿಗಾಲಗಳಲ್ಲಿ ಪುಸ್ತಕದ ಉಳಿದ ಅಧ್ಯಾಯಗಳು ಮುಗಿದವು. ಆ ಒಂದನ್ನು ಅವರು ಇದ್ದಲ್ಲಿಗೇ ನಿಲ್ಲಿಸಿದರು. ಹುಡುಗಿ ರೈಲು ಹತ್ತುತ್ತಾಳೆ. ಅದರ ಕೆಳಗೆ, ಇಲ್ಲಿಂದ ಮುಂದೆ ಆಕೆ ನನಗೆ ಹೇಳಲಿಲ್ಲ, ಎಂಬ ಒಂದೇ ಸಾಲು. ಅದನ್ನು ಟೈಪು ಮಾಡಿದವಳು ನಾನೇ. ಹಸ್ತಪ್ರತಿ ತಲುಪಿದ ಮೇಲೆ ಪ್ರಕಾಶಕರ ಕಡೆಯಿಂದ ಒಬ್ಬಾಕೆ ನಮ್ಮ ನಂಬರಿಗೇ ಫೋನ್ ಮಾಡಿ, ಟೈಪಿಸ್ಟ್ ಅಲ್ಲವೇ ನೀವು, ಆ ಅಧ್ಯಾಯದ ಪುಟಗಳು ಕಳೆದಿವೆಯೇ ಎಂದು ಕೇಳಿದಳು.

"ಇಲ್ಲ, ಅದು ಅಷ್ಟೇ ಇರೋದು," ಎಂದು ನಾನು ಫೋನ್ ಇಟ್ಟೆ.