ಹಾಗಲಬಳ್ಳಿಯ ದೃಷ್ಟಿಬೊಟ್ಟು

ಅತ್ತಿಗೆ, ನಿಮ್ಮ ಹಾಗಲಬಳ್ಳಿಯನ್ನು ಕದ್ದವನು ನಾನೇ. ಸೂರತ್ತಿನ ಸೀರೆಗಳ ಸೆರಗಿನ ಮೇಲೆ ಅದನ್ನು ಹಬ್ಬಿಸಿದವನೂ ನಾನೇ. ಇಷ್ಟು ವರ್ಷ ನಿಮ್ಮ ಮನೆಗೆ ಬಂದು, ಬಿಸಿಬೇಳೆಬಾತನ್ನು ಕೇಳಿ ಕೇಳಿ ಬಡಿಸಿಕೊಂಡು, ತಿನ್ನುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆಯದೆ ಹೋದವನು ನಿಮ್ಮ ಈ ಮೈದುನ.

ಇದು ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಗೆ ಬರೆದದ್ದು. ಹಾಗಾಗಿ ಓದುವವರಿಗೂ ಎರಡು ಮಾತು ಹೇಳಬೇಕು. ನಾವು ಉಡುಪಿ ಕಡೆಯವರು. ಅಣ್ಣ ಅಹಮದಾಬಾದಿನಲ್ಲಿ ಉಪಗ್ರಹಗಳ ಕೆಲಸದಲ್ಲಿದ್ದ, ಮನೆ ಬೋಡಕ್‌ದೇವ್‌ನಲ್ಲಿ. ಅವನು ಮೈಸೂರಿನಿಂದ ಮದುವೆಯಾಗಿ ತಂದ ಅತ್ತಿಗೆಗೆ ಚುಕ್ಕಿ ರಂಗೋಲಿಯೆಂದರೆ ಪ್ರಾಣ. ನಾನು ಸೂರತ್ತಿನ ಪಾಂಡೇಸರಾದಲ್ಲಿ ಸೀರೆಗೆ ಪ್ರಿಂಟ್ ಹಾಕುವ ಮಿಲ್ಲೊಂದರಲ್ಲಿ ಡಿಸೈನರ್ — ಅಂದರೆ ಮಾಲೀಕ ಸೇಠ್‌ಜೀ 'ಬೇಡ' ಎನ್ನುವವರೆಗೂ ಚಿತ್ರ ಬರೆಯುವವನು.

ಫೋನಿನ ತಂತಿಯಲ್ಲಿ ಕುಯ್ಯೋ ಮುರ್ರೋ ಎಂದು ಕೂಗಿಕೊಂಡು ಇಂಟರ್ನೆಟ್ ಮನೆಗೆ ಬರುತ್ತಿದ್ದ ಕಾಲ ಅದು. ಅತ್ತಿಗೆ, ಆಗ ಅಣ್ಣ ನಿಮ್ಮ ರಂಗೋಲಿಗಳನ್ನು ನವರಂಗಪುರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಒಂದು ವೆಬ್ ಪುಟ ಕಟ್ಟಿಕೊಟ್ಟ. ಅಡಿಯಲ್ಲಿ ಕಾಪಿರೈಟಿನ ಗುರುತು ಹಾಕಿದ. ನೀವು ಕನ್ನಡಕ ಸರಿಮಾಡಿಕೊಂಡು ನೋಡಿದಿರಿ.

"ಇದೇನ್ರೀ, ಸಿ ಅಕ್ಷರಕ್ಕೆ ಬಳೆ ತೊಡಿಸಿದ್ದೀರಾ?"

"ನಿನ್ನ ರಂಗೋಲಿಯನ್ನು ಯಾರೂ ಕೇಳದೆ ಕೊಂಡೋಗ್ಬಾರ್ದು ಅಂತ, ಮಾರಾಯ್ತಿ," ಎಂದ ಅಣ್ಣ.

ಬಳೆ ತೊಟ್ಟ ಅಕ್ಷರದ ಮೇಲೆ ನಿಮಗೆ ನಂಬಿಕೆ ಹುಟ್ಟಲಿಲ್ಲ. ಅದರ ಕೆಳಗೆ ಕನ್ನಡದಲ್ಲೇ ಬರೆಸಿದಿರಿ: 'ನಿಮ್ಮ ಬಾಗಿಲಿಗೆ ಹಾಕಿಕೊಳ್ಳಿ, ಸಂತೋಷ. ಬೇರೆಲ್ಲಿಗೆ ಒಯ್ಯುವುದಿದ್ದರೂ ನನ್ನನ್ನು ಒಂದು ಮಾತು ಕೇಳಿ.' ಅಷ್ಟೇ ಅಲ್ಲ, ಪ್ರತಿ ರಂಗೋಲಿಯ ಬಲಮೂಲೆಯಲ್ಲಿ, ಯಾವ ಗೆರೆಗೂ ಸೇರದ ಒಂದು ಚುಕ್ಕೆ ಇಡುತ್ತಿದ್ದಿರಿ. ಯಾಕೆಂದು ಕೇಳಿದ್ದಕ್ಕೆ, "ಮಗು ಕೆನ್ನೆಗೆ ದೃಷ್ಟಿಬೊಟ್ಟು ಇಡಲ್ವೇನೋ, ಹಂಗೆ. ನಾನು ಹೆತ್ತಿದ್ದು ಕಣೋ ಇವೆಲ್ಲ," ಎಂದಿರಿ. ಅದರಲ್ಲೂ ಹಾಗಲಬಳ್ಳಿ ನಿಮ್ಮ ಅಮ್ಮನಿಂದಲೋ ಅಜ್ಜಿಯಿಂದಲೋ ಬಂದದ್ದಲ್ಲ. ಬಾಲ್ಕನಿಯ ಕುಂಡದಲ್ಲಿ ಬೆಳೆದ ಬಳ್ಳಿಯ ಕುಡಿ ಸರಳಿಗೆ ಸುತ್ತಿಕೊಳ್ಳುವುದನ್ನು ನೋಡಿ ನೋಡಿ ನೀವೇ ಕಟ್ಟಿದ್ದು. ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆ ವರ್ಷ ನವರಾತ್ರಿಗೆ ಮುಂಚೆ ಸೇಠ್‌ಜೀ, "ಕುಛ್ ಸೌಥ್ ಕಾ ಲಾವೋ ಭಾಯ್, ಏಕ್‌ದಮ್ ನಯಾ!" ಎಂದು ದಕ್ಷಿಣದ ಹೊಸ ಡಿಸೈನಿಗಾಗಿ ಬೆನ್ನು ಹತ್ತಿದರು. ನಾನು ಬರೆದ ಗೋಪುರ ಬೇಡ, ಆನೆ ಬೇಡ, ಮಾವಿನಕಾಯಿಯಂತೂ ಸುತರಾಂ ಬೇಡ. ಕೊನೆಗೆ ಸೈಬರ್ ಕೆಫೆಯಲ್ಲಿ ಕೂತು ನಿಮ್ಮ ಪುಟ ತೆರೆದೆ. ಅಡಿಯ ಸಾಲನ್ನೂ ಓದಿದೆ — ಓದಲಿಲ್ಲವೆಂದು ಸುಳ್ಳು ಹೇಳಲಾರೆ — ಓದಿಯೇ ಪ್ರಿಂಟ್ ಒತ್ತಿದೆ. ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇತ್ತು. ಒಂದು ಫೋನ್ ಮಾಡಿದ್ದರೆ "ತಗೊಂಡೋಗೋ" ಎನ್ನುತ್ತಿದ್ದಿರಿ. ಆದರೆ ಕೇಳಿದರೆ ಅದು ಅತ್ತಿಗೆಯ ಡಿಸೈನ್ ಆಗುತ್ತಿತ್ತು. ಸೇಠ್‌ಜೀಯ 'ವಾಹ್' ನನಗೆ ಬೇಕಿತ್ತು, ನನಗೊಬ್ಬನಿಗೇ. ಕಾರಣ ಇಷ್ಟೇ, ಇದರಲ್ಲಿ ಬೇರೆ ಘನಂದಾರಿ ವಿಷಯವೇನೂ ಇಲ್ಲ.

ಮಿಲ್ಲಿನ ಕಲರ್ ಮಾಸ್ಟರ್ ನಿಮ್ಮ ಚುಕ್ಕೆಯನ್ನು ತೋರಿಸಿ, "ಯೇ ದಾಗ್ ಹೈ ಕ್ಯಾ? ಮಿಟಾ ದೂಂ?" ಎಂದು ಕೇಳಿದ. ಕಲೆಯಲ್ಲ, ಅಳಿಸಬೇಡ, ಇರಲಿ ಬಿಡು ಎಂದೆ. ಎತ್ತಿಕೊಂಡು ಬಂದ ಮಗುವಿನ ಕೆನ್ನೆಯ ಬೊಟ್ಟನ್ನೂ ಒರೆಸುವಷ್ಟು... ಏನೋ, ಕೈ ಬರಲಿಲ್ಲ. ಸೀರೆ ಬಿಸಿ ದೋಸೆಯ ಹಾಗೆ ಖರ್ಚಾಯಿತು. ವಡೋದರಾ ಸ್ಟೇಷನ್ನಿನಲ್ಲಿ ರೈಲು ಕಾಯುವ ಹೆಂಗಸರ ಮೈಮೇಲೆ ಹಾಗಲಬಳ್ಳಿ ಕಂಡಾಗೆಲ್ಲ ನಾನು ಎದೆಯುಬ್ಬಿಸಿ ನಿಂತದ್ದುಂಟು.

ಮುಂದಿನ ವರ್ಷ ಬಳಗದ ರಂಗೋಲಿ ಸ್ಪರ್ಧೆ. ನೀವು ಸಭಾಂಗಣದ ನೆಲ ತುಂಬ ಹಾಗಲಬಳ್ಳಿ ಹಬ್ಬಿಸಿದಿರಿ. ಸೂರತ್ತಿನಿಂದ ಬಂದ ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ತೀರ್ಪುಗಾರ್ತಿ ಒಳ್ಳೆಯವರೇ. ಬಗ್ಗಿ ನೋಡಿ, ನಕ್ಕು, ಮುಂದಿನ ಸಾಲಿನಲ್ಲಿದ್ದ ಒಬ್ಬರ ಸೆರಗನ್ನು ಎಳೆದು ಪಕ್ಕದಲ್ಲಿ ಹಿಡಿದರು.

"ಚೆನ್ನಾಗಿದೆಯಮ್ಮ. ಆದ್ರೆ ಇದು ಸೂರತ್ ಸೀರೆ ಡಿಸೈನ್ ಅಲ್ವಾ? ನೋಡಿ, ಪ್ರಿಂಟಲ್ಲಿ ಬಿದ್ದ ಕಲೆ ಸಮೇತ ಕಾಪಿ ಮಾಡಿದ್ದೀರಿ!"

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹಾಗಲಕಾಯಿ ಕಳ್ಳ, ನನ್ನ ಕೈಯೂ ಹೆಗಲಿಗೆ ಹೋಗಿತ್ತು. ನೀವು, "ಅದು ಕಲೆ ಅಲ್ಲ, ನಂದೇ..." ಎಂದು ಶುರುಮಾಡಿ ನನ್ನ ಕಡೆ ತಿರುಗಿದಿರಿ. "ಸೀರೆ ಮಿಲ್ಲಿನವನು ನೀನು, ನೀನೇ ಹೇಳೋ!"

ನಾನು ಹೇಳಿದೆ, "ಇಂಥ ಬಳ್ಳಿಗಳು ಎಲ್ಲ ಕಡೆ ಇರ್ತವೆ ಅತ್ತಿಗೆ."

ಆ ಮಾತಿನ ಮುಂದೆ ಕದ್ದದ್ದೇ ಸಣ್ಣ ತಪ್ಪು. ನಿಮ್ಮ ಗುರುತೇ ನಿಮ್ಮ ವಿರುದ್ಧ ಸಾಕ್ಷಿಯಾದದ್ದನ್ನು ನೋಡುತ್ತ ನಿಂತಿದ್ದೆನಲ್ಲ — ಒಂದೇ ವಾಕ್ಯದಲ್ಲಿ ನಿಮ್ಮನ್ನು ಬಿಡಿಸಬಹುದಿತ್ತು — ಬಿಡಿಸಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ನೀವೇ ನನ್ನನ್ನು ನಗಿಸಿದಿರಿ. "ಹೋಗ್ಲಿ ಬಿಡೋ, ನನ್ನ ಕೈ ಮಿಲ್ಲಿನಷ್ಟು ನೀಟು ಅಂತಾಯ್ತಲ್ಲ!" ಬಹುಮಾನ ಹೋದದ್ದಕ್ಕೆ ನಿಮಗೆ ಅಷ್ಟೇನೂ ಬೇಸರವಿರಲಿಲ್ಲ. ಆದರೆ ಕೆಲವು ದಿನಗಳಲ್ಲೇ ಅಣ್ಣನಿಗೆ ಹೇಳಿ ಪುಟ ತೆಗೆಸಿದಿರಿ. "ಎಲ್ಲ ಕಡೆ ಇರೋದನ್ನ ನಂದು ಅಂತ ಯಾಕೆ ಹೇಳ್ಕೊಳ್ಲಿ?" ಎಂದಿರಂತೆ. ಅದು ನನ್ನದೇ ಮಾತು, ನಿಮ್ಮ ಬಾಯಲ್ಲಿ ಬಂದದ್ದು. ಅಂದಿನಿಂದ ನಿಮ್ಮ ಬಾಗಿಲಿನ ರಂಗೋಲಿಗೆ ಆ ಬೊಟ್ಟೂ ಇಲ್ಲ. ನಿಮ್ಮ ಮನೆಗೆ ಬಂದಾಗೆಲ್ಲ ಚಪ್ಪಲಿ ಬಿಡುವ ಮೊದಲು ನಾನು ಬಲಮೂಲೆಯನ್ನೇ ನೋಡುತ್ತೇನೆ, ಅತ್ತಿಗೆ. ನೀವು ಅದನ್ನು ಗಮನಿಸಿ, "ಏನೋ ಬೀಳಿಸಿಕೊಂಡೆ?" ಎಂದು ಕೇಳಿದ್ದೂ ಇದೆ.

ಅಂದು ನಕ್ಕವರೆಲ್ಲ ಈ ಸಂಚಿಕೆ ಓದುವವರೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಆ ಬಳ್ಳಿ ನಮ್ಮ ಅತ್ತಿಗೆಯದು, ಆ ಕಲೆ ಕಲೆಯಲ್ಲ, ಕಾಪಿ ಹೊಡೆದವನು ನಾನು. ನಿಮ್ಮ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಿಗೆ ಗುಜರಾತಿಯಲ್ಲಿ 'ಕಾಕಾ ಚೋರ್ ಛೇ', ಚಿಕ್ಕಪ್ಪ ಕಳ್ಳ, ಎಂದು ಹೇಳಿ, ಸಾಕು.

ಸಂಪಾದಕರು ಬರಹದ ಜೊತೆ ಹಾಗಲಬಳ್ಳಿಯ ಚಿತ್ರ ಕೊಡಿ ಎಂದರು. ಅಂದಿನ ಪ್ರಿಂಟ್ ಇನ್ನೂ ನನ್ನ ಹತ್ತಿರ ಇದೆ. ಕೊಡಲಿಲ್ಲ. ಈ ಭಾನುವಾರ ಬೋಡಕ್‌ದೇವ್‌ಗೆ ಬಂದು ಇದನ್ನೆಲ್ಲ ನಿಮ್ಮೆದುರು ಓದಿ, ಆಮೇಲೆ ಕೇಳುತ್ತೇನೆ. ನೀವು ಹೂಂ ಎಂದರೆ ಸರಿ, ಊಹೂಂ ಎಂದರೂ ಸರಿ. ಅಲ್ಲಿಯವರೆಗೆ ಚಿತ್ರದ ಜಾಗ ಖಾಲಿ ಬಿಡಿ ಎಂದಿದ್ದೇನೆ. ನಿಮ್ಮನ್ನು ಕೇಳದೆ ಅಲ್ಲಿ ಒಂದು ಚುಕ್ಕೆಯನ್ನೂ ಇಡಿಸುವುದಿಲ್ಲ.