ನರ್ಸಮ್ಮ ಹೇಳಿದ ದೇವರು

ನನ್ನ ಚೊಚ್ಚಲು ಮಗ ಬದುಕಿದ್ದು ಮೂರೇ ದಿನ. ಅದು ಐವತ್ತರ ದಶಕ, ನನಗಾಗ ಹತ್ತೊಂಬತ್ತು. ಹರವೆಯ ಹತ್ತಿರದ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷ ತುಂಬಿರಲಿಲ್ಲ. ಮಾವನೂ ಯಜಮಾನರೂ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಣೆಗೆ ವಿಭೂತಿ ಹಚ್ಚಿ, ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಕೈಕಾಲು ತೊಳೆದ ಯಜಮಾನರು ನನ್ನ ಮುಖ ನೋಡಲಾರದೆ ನೇರ ಕೊಟ್ಟಿಗೆಗೆ ಹೋದರು.

ಬಂದವರೆಲ್ಲ ಸಮಾಧಾನ ಹೇಳಿದರು. ಶಿವ ಕೊಟ್ಟಿದ್ದ, ಶಿವನೇ ಕರೆದುಕೊಂಡ ಎಂದರು. ಚಿಕ್ಕ ವಯಸ್ಸು, ಇನ್ನೂ ಮಕ್ಕಳಾಗುತ್ತವೆ ಎಂದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅತ್ತೆ ಮಾತ್ರ, ಬಾಣಂತಿ ಕಣ್ಣೀರು ಹಾಕಿದರೆ ಮುಂದಿನ ಬಸಿರಿಗೆ ಒಳ್ಳೆಯದಲ್ಲ ಎಂದು ಗದರಿದರು. ನಾನು ಅಳು ನಿಲ್ಲಿಸಿದೆ. ಹಾಲು ನಿಲ್ಲಲಿಲ್ಲ. ಐದನೆಯ ದಿನ ಎದೆ ಕಲ್ಲಿನಂತಾಗಿ ಮೈ ಸುಡತೊಡಗಿತು.

ಯಜಮಾನರು ಚಾಮರಾಜನಗರದಿಂದ ನರ್ಸಮ್ಮನನ್ನು ಕರೆತಂದರು. ನಲವತ್ತೈದು ದಾಟಿದ ಹೆಂಗಸು, ಗುಂಡ್ಲುಪೇಟೆಯ ಕ್ರಿಶ್ಚಿಯನ್ನರು. ಕಪ್ಪು ದಾರದಲ್ಲಿ ಒಂದು ಪುಟ್ಟ ಶಿಲುಬೆ ಹಾಕಿಕೊಂಡಿದ್ದರು. ಅತ್ತೆ ಅವರನ್ನು ಒಳಗೆ ಬಿಡದೆ ಪಡಸಾಲೆಯಲ್ಲೇ ಚಾಪೆ ಹಾಸಿದರು. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಕದ ಮುಚ್ಚಿ, ಬಿಸಿನೀರಿನ ಬಟ್ಟೆ ಒತ್ತಿ, ಕಟ್ಟಿಕೊಂಡಿದ್ದ ಹಾಲು ಹಿಂಡಿ, ಹಾಲು ಬತ್ತಲೆಂದು ಮಲ್ಲಿಗೆ ಹೂ ಇಟ್ಟು ಎದೆಗೆ ಬಟ್ಟೆ ಬಿಗಿದರು. ಕೈ ಒರೆಸಿಕೊಳ್ಳುತ್ತ ಕೇಳಿದರು: “ಮಗ ಯಾರಂಗಿತ್ತವ್ವ?”

ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಮೂಗು ಅವರಪ್ಪನದು, ತಲೆ ತುಂಬ ಕೂದಲಿತ್ತು, ಹೆಬ್ಬೆರಳು ಮಡಿಚಿಕೊಂಡೇ ಮಲಗುತ್ತಿದ್ದ ಎಂದು ಹೇಳುತ್ತ ಹೇಳುತ್ತ ಅಳು ಒಡೆಯಿತು. ಅವರು ತಡೆಯಲಿಲ್ಲ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಕಣ್ಣಲ್ಲೂ ನೀರಿತ್ತು.

ಮೂರು ದಿನ ಬಿಡದೆ ಬಂದರು. ಕೊನೆಯ ದಿನ ತಮ್ಮ ಕಥೆ ಹೇಳಿದರು. ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳಂತೆ. ಊರಿಗೆಲ್ಲ ಔಷಧಿ ಕೊಡುವ ಕೈಗೆ ತನ್ನ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ದೇವರ ಮೇಲೆ ಸಿಟ್ಟಾಗಿ ತಿಂಗಳುಗಟ್ಟಲೆ ಚರ್ಚಿಗೆ ಹೋಗಲಿಲ್ಲವಂತೆ. ನಾನು ಕೇಳಿಯೇಬಿಟ್ಟೆ, ನಿಮ್ಮ ಸ್ವಾಮಿ ಯಾಕೆ ಸುಮ್ಮನಿದ್ದ ಎಂದು.

ಅವರು ಒದ್ದೆ ಬಟ್ಟೆ ಹಿಂಡಿ ಮಡಿಸುತ್ತ ಹೇಳಿದರು: “ಯಾಕೆ ಅಂತ ನಂಗೊತ್ತಿಲ್ಲ ಕಣವ್ವ. ಗೊತ್ತದೆ ಅಂದ್ರೆ ಸುಳ್ಳಾಯ್ತದೆ. ಆದ್ರೆ ಅವ್ನು ದೂರ ನಿಂತು ನೋಡ್ನಿಲ್ಲ. ಶಿಲುಬೇಲಿ ಸಾಯೋವಾಗ ಅವ್ನೂ ಅವ್ರಪ್ಪನ್ನ ಕೂಗಿ, ಯಾಕಪ್ಪ ಕೈ ಬುಟ್ಟೆ ಅಂತ ಕೇಳವ್ನೆ. ದೇವ್ರೇ ಅಂಗೆ ಕೂಗವ್ನೆ ಅಂದ್ಮ್ಯಾಕೆ ನಾನು ಅತ್ರೆ ತಪ್ಪಾ? ನನ್ ಸಂಕ್ಟ ಅವನ್ಗೆ ಗೊತ್ತದೆ. ಅಷ್ಟು ಸಾಕು ನಂಗೆ.”

ಎದ್ದು ಚೀಲ ತೆಗೆದುಕೊಂಡು ಹೋದರು. ಮಾರನೆಯ ವರ್ಷ ಅವರಿಗೆ ವರ್ಗವಾಯಿತು, ಮತ್ತೆ ನೋಡಲಿಲ್ಲ.

ಕದದ ಆಚೆ ಮೊರ ಹಿಡಿದು ಕುಳಿತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸಂಜೆ ಗಂಜಿ ತಂದವರು ಲೋಟ ಇಟ್ಟು ಹೋಗದೆ ನನ್ನ ಪಕ್ಕದಲ್ಲೇ ಕೂತರು. “ನಂಗೂ ಎರಡು ಓಗಿತ್ತು ಕಣಮ್ಮಿ, ನಿನ್ ಗಂಡ ಉಟ್ಟೋಕ್ ಮುಂಚೆ,” ಎಂದರು. ಅಳಬಾರದು ಎಂದು ಅವರ ಅತ್ತೆ ಹೇಳಿದ್ದರಂತೆ, ಅತ್ತಿರಲಿಲ್ಲವಂತೆ. ಆ ಎರಡು ಮಕ್ಕಳ ಸುದ್ದಿ ಯಜಮಾನರಿಗೂ ಗೊತ್ತಿರಲಿಲ್ಲ. ಅತ್ತೆ ಅವುಗಳ ಹೆಸರು ಹೇಳಿದರು. ಆಮೇಲೆ ಸೆರಗಿಗೆ ಮುಖ ಒತ್ತಿಕೊಂಡು, ಮೂವತ್ತು ವರ್ಷ ಹಿಡಿದಿಟ್ಟದ್ದನ್ನು ಅತ್ತರು. ನಾನು ಅವರ ಬೆನ್ನು ನೀವುತ್ತ ಕುಳಿತೆ.

ನಾನು ಮತ ಬದಲಿಸಲಿಲ್ಲ. ಇಂದಿಗೂ ಅಂಗೈಯಲ್ಲಿ ಲಿಂಗವಿಟ್ಟೇ ಪೂಜೆ. ಆದರೆ ಮೊದಲು ದೇವರ ಮುಂದೆ ಕಣ್ಣೊರೆಸಿಕೊಂಡು ಕೂರುತ್ತಿದ್ದೆ. ಆಮೇಲೆ ಹಾಗೆ ಮಾಡಲಿಲ್ಲ.

ಬಾಣಂತನ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಹುರುಳಿ ಬಳ್ಳಿ ಸರಿಸಿ ಬದುವಿನಲ್ಲಿ ಎರಡು ಜಾಗ ತೋರಿಸಿದರು. ನನ್ನ ಮಗನದು ಅಲ್ಲಿಂದ ನಾಲ್ಕು ಹೆಜ್ಜೆ.