ಜೋಡಿ ಬಂದಾಕಿ ಎಲ್ಲಿ ಮಲಗಬೇಕು?

ಕೊಡ್ಲಿ ಊರು ಇನ್ನೂ ಪೂರ್ತಿ ಎದ್ದಿಲ್ಲ. ತೊಗರಿ ಹೊಲಗಳ ಮೇಲೆ ಮಂಜು ಕೂತಿದೆ. ಅಮೃತಮ್ಮನವರ ಅಡುಗೆಮನೆಯಿಂದ ಮಾತ್ರ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಒಲೆಯ ಈಚೆ ಬದಿಗೆ, ಥಂಡಿಗೆ ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಉಮಾದೇವಿ ಕುಳಿತಿದ್ದಾರೆ. ಹೆಗಲ ಚೀಲದಲ್ಲಿ ಟ್ಯಾಬ್ ಇದೆ, ಅದನ್ನಿನ್ನೂ ಹೊರಗೆ ತೆಗೆದಿಲ್ಲ. ತೊಗರಿ ಕಟ್ಟಿಗೆಯನ್ನು ಒಂದೊಂದಾಗಿ ಒಲೆಗೆ ಇಡುತ್ತಾ ಮಾತಿಗೆ ಎಳೆಯುತ್ತಾರೆ.

"ಮೊನ್ನಿ ಜ್ವರ ಬಂದಾಗ ಎಲ್ಲಿ ತೋರಿಸಿದ್ರಿ, ಅಮೃತಮ್ಮ?"

"ಎಲ್ಲಿ ತೋರಿಸ್ಲಿ ತಂಗಿ? ತೊಗರಿ ಕಟಾವು ನಡದದ. ಒಂದು ಗುಳಿಗಿ ನುಂಗಿ ಹೊಲಕ್ಕ ಹೋದೆ."

"ಗುಳಿಗಿ ಯಾರು ಕೊಟ್ರು?"

"ಇನ್ಯಾರು? ಕಿರಾಣಿ ಅಂಗಡ್ಯಾಂವ."

ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಬಂದು, ಅದನ್ನು ತಿಂದು ಕೈ ತೊಳೆದ ಮೇಲೆಯೇ ಉಮಾದೇವಿ ಚೀಲಕ್ಕೆ ಕೈ ಹಾಕುವುದು. "ಈಗ ಹೇಳಿದ್ದು ಬರಕೊಳ್ಳಲೇನ್ರಿ? ಬ್ಯಾಡಂದ್ರ ಬಿಡ್ತೀನಿ" ಎಂದು ಕೇಳುತ್ತಾರೆ. ಅಮೃತಮ್ಮ ಹಿಟ್ಟಿನ ಕೈಯನ್ನೇ ಆಡಿಸಿ ಆಗಲಿ ಎನ್ನುತ್ತಾರೆ. ಬಿಸಿಲು ಏರುವಷ್ಟರಲ್ಲಿ ಈ ಊರಿನ ಹೆಂಗಸರೆಲ್ಲ ಹೊಲ ಸೇರಿರುತ್ತಾರೆ. ಆಮೇಲೆ ಬಂದರೆ ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಮುದುಕರು. ಹಾಗಾಗಿ ಕಾಳಗಿಯಿಂದ ಹೊರಡುವ ಮೊದಲ ಬಸ್ಸೇ ಉಮಾದೇವಿಯವರ ಬಸ್ಸು.

ಯಾವ ಊರಿಗೆ ಯಾವ ಸೌಲಭ್ಯ ಬೇಕು, ಕೊಟ್ಟದ್ದು ಜನರಿಗೆ ಮುಟ್ಟಿದೆಯೇ ಎಂದು ಸರ್ಕಾರಕ್ಕೆ ಅಧ್ಯಯನ ಮಾಡಿಕೊಡುವ ಸಂಸ್ಥೆಯೊಂದು ಕಲಬುರಗಿಯಲ್ಲಿದೆ. ಉಮಾದೇವಿ ಅಲ್ಲಿನ ಸಮೀಕ್ಷಕಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಿನ ಮನೆಗಳ ಬಾಗಿಲು ಬಡಿಯುವುದು ಅವರ ಕೆಲಸ. ದಿನಕ್ಕೆ ಏಳೆಂಟು ಮನೆ ಆದರೆ ಚೆನ್ನಾಗಿ ಆಯಿತೆಂದು ಲೆಕ್ಕ. ಕೆಲಸವೂ ವರ್ಷವಿಡೀ ಇರುವುದಿಲ್ಲ. ಒಂದು ಅಧ್ಯಯನ ಮುಗಿದು ಇನ್ನೊಂದು ಬರುವವರೆಗೆ ಮನೆಯಲ್ಲಿ ಕುಳಿತು ರವಿಕೆ ಹೊಲಿಯುತ್ತಾರೆ. ಹಳ್ಳಿಗಳಲ್ಲಿ ಅವರಿಗೆ ‘ಸರ್ವೇ ಅಕ್ಕೋರು’ ಎಂದೇ ಹೆಸರು.

ಹುಟ್ಟಿದ್ದು ಸೇಡಂ ತಾಲ್ಲೂಕಿನ ಗಡಿ ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು. ತಂದೆ ಚಂದ್ರಾಮಪ್ಪನವರು ಎಮ್ಮೆ ಕಟ್ಟಿದ್ದರು. ಹಾಲು ಹಾಕಲು ಮನೆಮನೆ ಸುತ್ತುವಾಗಲೇ ಮೂರೂ ಭಾಷೆ ಮಗಳ ನಾಲಿಗೆಗೆ ಹತ್ತಿದವು. ಪಿಯುಸಿ ಮುಗಿದ ಬೇಸಿಗೆಯಲ್ಲೇ ಕಾಳಗಿಯ ಭೀಮಾಶಂಕರ ಅವರೊಂದಿಗೆ ಮದುವೆ. ಭೀಮಾಶಂಕರ ಆಗ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದರು. ಧೂಳಿಗೆ ಕೆಮ್ಮು ಹಿಡಿದು ಅದನ್ನು ಬಿಟ್ಟು ಬಂದು ಕಾಳಗಿಯಲ್ಲಿ ಹಿಟ್ಟಿನ ಗಿರಣಿ ಹಾಕಿದರು.

ಸಮೀಕ್ಷೆಯವರ ಪರಿಚಯ ಆದದ್ದೂ ಆ ಗಿರಣಿಯಲ್ಲಿಯೇ. ಜೋಳ ಬೀಸಲು ಬಂದ ತೆಲುಗಿನ ಹೆಂಗಸಿಗೆ ಕಲಬುರಗಿಯ ಹುಡುಗಿಯೊಬ್ಬಳು ಕನ್ನಡದಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಒದ್ದಾಡುವುದನ್ನು ನೋಡಲಾರದೆ ಉಮಾದೇವಿ ನಡುವೆ ನಿಂತು ಹೇಳಿಕೊಟ್ಟರು. ಅಧ್ಯಯನದ ಹೊಣೆ ಹೊತ್ತಿದ್ದ ಪ್ರಮಿತಾ ಮೇಡಂ ಮಾರನೆಯ ದಿನವೇ ಹುಡುಕಿಕೊಂಡು ಬಂದು ಕೆಲಸಕ್ಕೆ ಕರೆದರು. "ಹೋಗು. ಗಿರಣಿ ನಾ ನೋಡ್ಕೋತೀನಿ" ಎಂದರು ಭೀಮಾಶಂಕರ.

ಹೋದದ್ದೇನೋ ಹೋದರು. ಆದರೆ ವಾಡಿಯ ಒಂದು ಓಣಿಯಲ್ಲಿ ಸಾಲ ವಸೂಲಿಯವಳೆಂದು ತಿಳಿದು ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಚಿತ್ತಾಪುರದ ಕಡೆ ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದಿದ್ದಾಳೆ ಎಂಬ ಸುದ್ದಿ ಹಬ್ಬಿ ಬಸ್ ಸ್ಟ್ಯಾಂಡಿನವರೆಗೆ ಜನ ಬೆನ್ನುಹತ್ತಿದರು. "ಅವರದೇನು ತಪ್ಪಿಲ್ರಿ" ಎನ್ನುತ್ತಾರೆ ಉಮಾದೇವಿ. "ಪೇಪರ್ ಹಿಡಕೊಂಡು ಬಂದವ್ರು ಏನಾರ ಕೊಟ್ಟಿದ್ದಕಿಂತ ಒಯ್ದಿದ್ದೇ ಭಾಳ."

ಅವರು ಇಂದಿಗೂ ದನಿ ತಗ್ಗಿಸಿ ಹೇಳುವ ಒಂದು ಸಂಗತಿಯಿದೆ. ಅದನ್ನು ಬರೆಯಲು ಅವರದೊಂದು ಷರತ್ತೂ ಇದೆ. ಊರಿನ ಹೆಸರು, ದವಾಖಾನೆಯ ಹೆಸರು ಬರಕೂಡದು. ಇಲ್ಲಿರುವ ಇಮಾಮ್ಬೀ, ಬಷೀರಾ ಎಂಬ ಹೆಸರುಗಳೂ ಬದಲಿಸಿದವೇ.

ಕೋವಿಡ್ ಕಳೆದ ಮರುವರ್ಷ. ತೆಲಂಗಾಣಕ್ಕೆ ಅಂಟಿಕೊಂಡ ಹಳ್ಳಿಗಳ ಬಸುರಿಯರು ಈಚೆ ಬದಿಯ ಸರ್ಕಾರಿ ದವಾಖಾನೆ ಬಿಟ್ಟು ಗಡಿಯಾಚೆ ತಾಂಡೂರಿನ ದಾರಿ ಹಿಡಿಯುತ್ತಿದ್ದರು. ಈಚೆಯ ದವಾಖಾನೆಯಲ್ಲಿ ಡಾಕ್ಟರು ಇದ್ದರು, ಔಷಧ ಇತ್ತು, ಮಂಚಗಳು ಖಾಲಿ ಬಿದ್ದಿದ್ದವು. ಇದು ಹೀಗೇ ನಡೆದರೆ ಹೆರಿಗೆ ವಾರ್ಡನ್ನೇ ಬೇರೆ ಕಡೆ ಸಾಗಿಸುವ ಮಾತೂ ಎದ್ದಿತ್ತು. ಕಾರಣ ತಿಳಿದು ಬನ್ನಿ ಎಂದು ಆರೋಗ್ಯ ಇಲಾಖೆಯವರು ಸಂಸ್ಥೆಗೆ ಹೇಳಿದರು.

ಉಮಾದೇವಿ ಹೋದ ಮನೆಯಲ್ಲಿ ಅತ್ತೆ ಇಮಾಮ್ಬೀ ಬಾಗಿಲಲ್ಲೇ ಕುಳಿತಿದ್ದರು. ಸೊಸೆ ಬಷೀರಾಗೆ ಕೇಳಿದ ಪ್ರಶ್ನೆಗೂ ಅವರದೇ ಉತ್ತರ. ದವಾಖಾನೆ ಹೇಗಿದೆ? ಚಲೋ ಅದ. ಸಿಸ್ಟರು? ಚಲೋ ಅದಾರ. ಮತ್ತೆ ತಾಂಡೂರಿಗೆ ಯಾಕೆ? ಸುಮ್ಮನ. ಓಣಿಯ ಉಳಿದ ಮನೆಗಳಲ್ಲೂ ಇದೇ ಮಾತು.

ಅಷ್ಟನ್ನೇ ಬರೆದುಕೊಂಡು ಬಸ್ಸು ಹತ್ತಬಹುದಿತ್ತು. ಉಮಾದೇವಿಗೆ ಕಾಲು ಏಳಲಿಲ್ಲ. ಬಷೀರಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಟ್ಯಾಬ್ ಚೀಲಕ್ಕೆ ಹಾಕಿ, ಇನ್ನೊಂದು ಮೊರ ಎಳೆದುಕೊಂಡು ಅವರ ಪಕ್ಕ ಕುಳಿತರು. ಇಮಾಮ್ಬೀ ಆಡಿಗೆ ನೀರು ಕುಡಿಸಲು ಎದ್ದು ಹೋದರು. ಬಹಳ ಹೊತ್ತು ಇಬ್ಬರೂ ಕಲ್ಲು ಆರಿಸಿದರು. ಆಮೇಲೆ ಬಷೀರಾ ತಲೆ ಎತ್ತದೆ ಮಾತು ಶುರು ಮಾಡಿದರು.

"ಮೊದಲನೇ ಕೂಸಿಗಿ ಈ ಕಡಿ ದವಾಖಾನಿಗೇ ಹೋಗಿದ್ದೆವಕ್ಕಾ. ಡಾಕ್ಟರು ಖರೇನೇ ಚಲೋ ಇದ್ರು. ನಂಗ ಮಂಚ ಕೊಟ್ರು. ಜೋಡಿ ಬಂದಾಕಿ ಎಲ್ಲಿ ಮಲಗಬೇಕು? ನಮ್ಮ ಅತ್ತಿ ಹೊರಗ ಬೇವಿನ ಗಿಡದ ಬುಡಕ್ಕ ಕುಂತಳು. ಮಳಿ ಬಂತು. ಗಾಡಿ ನಿಲ್ಲಸೋ ಶೆಡ್ಡಿನಾಗ, ಗಂಡಸರ ನಡುವ ಹೋಗಿ ನಿಂತಳು. ಒಂದಕ್ಕ ಹೋಗಲಿಕ್ಕ ಸೈತ ಜಾಗ ಇಲ್ಲ. ಅದಕ್ಕಂತ ನೀರೇ ಕುಡೀಲಿಲ್ಲ. ಮನಿಗಿ ಬಂದ ಮ್ಯಾಲೆ ಉರಿ ಹತ್ತಿ ಜ್ವರ ಹಿಡಕೊಂಡು ಮಲಗಿದಳು. ಇದು ಯಾರ ಮುಂದ ಹೇಳ್ತಾಳ ಆಕಿ?"

ಎರಡನೆಯ ಸಲ ಬಸುರಿಯಾದಾಗ ಇಮಾಮ್ಬೀ ಆ ದವಾಖಾನೆಯ ಹೆಸರು ಎತ್ತಗೊಡಲಿಲ್ಲ. ತಾಂಡೂರಿನಲ್ಲಿ ನೆಂಟರ ಮನೆ ಇದೆ, ಅಲ್ಲಿಗೇ ಹೋಗೋಣ ಎಂದರು. ಜೀಪು ಅರ್ಧ ದಾರಿ ದಾಟುವ ಮೊದಲೇ ಹೆರಿಗೆಯಾಯಿತು. "ಕೂಸು ಉಳೀತು, ನಾನೂ ಉಳದೆ. ಆದ್ರ ರಕ್ತ ಭಾಳ ಹೋಯ್ತು. ಭಾಳ ದಿನ ಕೊಡ ಎತ್ತಲಿಕ್ಕ ಆಗಲಿಲ್ಲ" ಎಂದು ಬಷೀರಾ ಮೊರ ಕೊಡವಿದರು.

ಇದನ್ನು ಹೆಸರಿಲ್ಲದೆ ಬರೆಯಲು ಒಪ್ಪಿಗೆ ಪಡೆದು ಉಮಾದೇವಿ ಎದ್ದರು. ಆಡು ಕಟ್ಟಿ ಬಂದ ಇಮಾಮ್ಬೀ ಬಾಗಿಲಲ್ಲಿ ತಡೆದರು.

"ಬರ್ತೀರಿ, ಬರಕೋತೀರಿ, ಹೋಗ್ತೀರಿ. ಬರದಿದ್ದು ಎಲ್ಲಿಗಿ ಹೋಗ್ತದ? ಒಬ್ಬಾಕಿನಾದ್ರೂ ತಿರುಗಿ ಬಂದು ಹೇಳೀರೇನು?"

ಮರಳಿ ಬಂದು ಹೇಳಿದವರು ಯಾರೂ ಇರಲಿಲ್ಲ. ಉಮಾದೇವಿಯೂ ಎಂದೂ ಹೇಳಿರಲಿಲ್ಲ.

ಟ್ಯಾಬಿನಲ್ಲಿ ಪ್ರಶ್ನೆಯ ಜೊತೆ ಆರಿಸಲು ಕೊಟ್ಟಿದ್ದ ಉತ್ತರಗಳಲ್ಲಿ ದೂರ, ಖರ್ಚು, ಹೆದರಿಕೆ ಎಲ್ಲ ಇದ್ದವು, ಜೋಡಿ ಬಂದವಳ ಮಾತಿರಲಿಲ್ಲ. ಉಮಾದೇವಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಪ್ರಮಿತಾ, "ಒಂದೇ ಊರಿನ ಮಾತಿನ ಮ್ಯಾಲೆ ಬರೀಲಿಕ್ಕೆ ಬರಂಗಿಲ್ಲ. ಉಳಿದ ಊರಾಗೂ ಕೇಳೋಣು. ನಾನೂ ಬರ್ತೀನಿ" ಎಂದರು. ಇಬ್ಬರೂ ಹಳ್ಳಿಗಳನ್ನು ಮತ್ತೆ ಸುತ್ತಿದರು. ಎಲ್ಲ ಕಡೆಯೂ ಅದೇ ಕಾರಣವಾಗಿರಲಿಲ್ಲ. ಕೆಲವೆಡೆ ಗಾಡಿಯ ತೊಂದರೆ, ಕೆಲವೆಡೆ ಆಪರೇಷನ್ನಿನ ಭಯ. ಆದರೆ ಮನೆಯ ಗಂಡಸರು ಆಚೆ ಹೋದಮೇಲೆ ಹಲವು ಅತ್ತೆಯರು, ತಾಯಂದಿರು ಅದೇ ಬೇವಿನ ಗಿಡದ ಮಾತು ತೆಗೆದರು. ಪ್ರಮಿತಾ ಒಂದು ಮಧ್ಯಾಹ್ನ ಆ ಗಿಡದ ಕೆಳಗೇ ಹೋಗಿ ಕುಳಿತರು. ಮೂರು ಕಲ್ಲು ಹೂಡಿ ಬಾಣಂತಿಗೆ ಗಂಜಿ ಕಾಯಿಸುತ್ತಿದ್ದ ಮುದುಕಿಯೊಬ್ಬಳು ಮೇಡಂಗೂ ಒಂದು ಲೋಟ ಕೊಟ್ಟಳು.

ವರದಿ ಹೋಯಿತು. ಅದರ ಮೇಲೊಂದು ಮಳೆಗಾಲವೂ ಹೋಯಿತು. ಉಮಾದೇವಿ ಒಂದು ರಜೆಯ ದಿನ ಯಾರೂ ಹೇಳದೆಯೇ ಬಸ್ಸು ಹತ್ತಿ ಇಮಾಮ್ಬೀಯ ಮನೆಗೆ ಹೋದರು. "ಬರದಿದ್ದು ಮ್ಯಾಲಿನವ್ರಿಗಿ ಮುಟ್ಯದ. ಇನ್ನೂ ಏನೂ ಆಗಿಲ್ಲ. ಹೇಳಿ ಹೋಗಬೇಕಂತ ಬಂದೆ" ಎಂದರು. ವರದಿಯಲ್ಲಿ ಏನಿದೆ ಎಂಬುದನ್ನು ಯಾರ ಹೆಸರೂ ಎತ್ತದೆ ಓಣಿಯ ಹೆಂಗಸರಿಗೆ ವಿವರಿಸಿದರು. ಜೋಡಿ ಬಂದವರಿಗೆ ಜಾಗ ಬೇಕು ಎಂಬಲ್ಲಿಗೆ ಬಂದಾಗ ಇಮಾಮ್ಬೀ ಎಲ್ಲರತ್ತ ತಿರುಗಿ, "ನೋಡ್ರಿ, ಇದು ನಾನೇ ಹೇಳಿದ್ದು!" ಎಂದರು. ಬಷೀರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಉಮಾದೇವಿ, "ಹೌದ್ರಿ, ನೀವೇ ಹೇಳಿದ್ದು" ಎಂದರು.

ಅಂದಿನಿಂದ ಅದು ರೂಢಿಯಾಗಿದೆ. ಕೇಳಿ ಬಂದ ಊರಿಗೆ ಒಮ್ಮೆ ತಿರುಗಿ ಹೋಗಿ, ಆದದ್ದನ್ನೂ ಆಗದ್ದನ್ನೂ ಹೇಳಿ ಬರುತ್ತಾರೆ. ಅದು ಅವರ ಕೆಲಸದ ಭಾಗವಲ್ಲ, ಹೋಗು ಎಂದವರೂ ಇಲ್ಲ. "ಆಗಿಲ್ಲ ಅಂತ ಹೇಳಲಿಕ್ಕ ಹೋಗೋದು ಭಾಳ ಕಠಿಣರಿ. ಬೈತಾರ. ಬೈಸ್ಕೊಂಡು ಬರ್ತೀನಿ."

ದವಾಖಾನೆಯಲ್ಲಿ ಹಳೆ ಸಾಮಾನು ತುಂಬಿದ್ದ ಕೋಣೆಯೊಂದನ್ನು ಮುಂದಿನ ಬೇಸಿಗೆಯಲ್ಲಿ ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಪಕ್ಕಕ್ಕೆ ಬಚ್ಚಲು, ಪಾಯಿಖಾನೆ ಕಟ್ಟಿಸಿದರು. ಉದ್ಘಾಟನೆಯ ಗದ್ದಲವೇನೂ ಇರಲಿಲ್ಲ. ಉಮಾದೇವಿಗೆ ಸುದ್ದಿ ಮುಟ್ಟಿದ್ದು ಬಷೀರಾರಿಂದ. ಅವರ ನಾದಿನಿಗೆ, ಎಂದರೆ ಇಮಾಮ್ಬೀಯ ಮಗಳಿಗೆ, ಅಲ್ಲೇ ಹೆರಿಗೆಯಾಗಿತ್ತು. ನೋಡಲು ಹೋದ ಉಮಾದೇವಿಯ ಕೈ ಹಿಡಿದು ಇಮಾಮ್ಬೀ ಮೊಮ್ಮಗುವಿನ ಬಳಿಗಿಂತ ಮೊದಲು ಆ ಕೋಣೆಗೇ ಕರೆದೊಯ್ದರು. ಚಾಪೆ, ಒಲೆಕಟ್ಟೆ, ನೀರಿನ ಕೊಡ ಎಲ್ಲ ತೋರಿಸಿ, ಬಚ್ಚಲ ಬಾಗಿಲು ಮುಚ್ಚಿ ತೆರೆದು, "ಒಳಗಿಂದ ಹಾಕೋ ಚಿಲಕ ಅದ ನೋಡವ್ವಾ" ಎಂದರು.

ಆ ದಿನ ಉಮಾದೇವಿ ಒಂದು ಬಸ್ಸನ್ನು ಹಾಗೇ ಹೋಗಗೊಟ್ಟು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದರಂತೆ. "ಅಳು ಬರಲಿಲ್ರಿ. ಹೊಟ್ಟಿ ತಣ್ಣಗ ಅನಿಸ್ತು, ಅಷ್ಟೇ."

ಎಲ್ಲವೂ ಸರಿಹೋಗಿದೆ ಎಂದಲ್ಲ. ಬೇಸಿಗೆಯಲ್ಲಿ ಆ ಬಚ್ಚಲಿಗೆ ಮಧ್ಯಾಹ್ನದ ಮೇಲೆ ನೀರಿರುವುದಿಲ್ಲ. ಗಡಿಯಾಚೆ ಹೋಗುವ ಜೀಪುಗಳು ಪೂರ್ತಿ ನಿಂತೂ ಇಲ್ಲ. ಆದರೆ ಹೆರಿಗೆ ವಾರ್ಡು ಅಲ್ಲಿಯೇ ಉಳಿದಿದೆ.

ಕೊಡ್ಲಿಯ ಕೆಲಸ ಮುಗಿಯುವಾಗ ಹೊತ್ತು ಇಳಿದಿದೆ. ತೊಗರಿ ಹೊರೆ ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿವೆ. ಕಾಳಗಿಯ ಬಸ್ಸಿಗೆ ಕಾಯುತ್ತಾ ನಿಂತ ಉಮಾದೇವಿಯವರಿಗೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ನಕ್ಕುಬಿಡುತ್ತಾರೆ. ಯಾರೂ ಅವರನ್ನು ಹೀಗೆ ಕೇಳಿದ್ದಿಲ್ಲ. ಆಮೇಲೆ ಹೇಳುತ್ತಾರೆ:

"ನಮ್ಮ ಮನಿಗೂ ಸರ್ವೇದವ್ರು ಬರ್ತಾರಿ. ಆದ್ರ ಅವರು ಬಂದಾಗ ನಾ ಊರಾಗ ಇರಂಗಿಲ್ಲ, ನಮ್ಮ ಯಜಮಾನ್ರೇ ಹೇಳಿ ಕಳಸ್ತಾರ. ಹೆಂಡತಿ ಉದ್ಯೋಗ ಏನು ಅಂತ ಕೇಳಿದ್ರ ‘ಮನಿಗೆಲಸ’ ಅಂತ ಬರಸ್ಯಾರ. ಏನು ಬರಸಬೇಕಂತ ಯಜಮಾನ್ರಿಗಿ ತಿಳೀಲಿಲ್ಲ, ಪಾಪ. ಇನ್ನೊಮ್ಮೆ ಯಾರಾರ ಬರಬೇಕ್ರಿ, ನಾ ಮನ್ಯಾಗ ಇದ್ದಾಗ. ಕುಂದ್ರಿಸಿ, ಚಹಾ ಕೊಟ್ಟು, ಅದೊಂದು ನಾ ನನ್ನ ಬಾಯಿಲೇ ಹೇಳ್ತೀನಿ."